ಅರಿಶಿನ ಕೊಡದ ಅಲೆ

ಆ ಸಂಜೆಯ ದಾಳಿ ನಡೆದೇಬಿಟ್ಟಿದ್ದರೆ?

ಯುದ್ಧ ಸೋತ ದೇಶದಲ್ಲಿ ಇಂಥ ಪ್ರಶ್ನೆಗಳಿಗೆ ಬರವಿರುವುದಿಲ್ಲ. ಚಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಡೀಸೆಲ್ ಚೀಟಿಗೆ ನಿಂತ ಸಾಲಿನಲ್ಲಿ, ಎಲ್ಲರ ಬಾಯಲ್ಲೂ ಅದೇ ಮಾತು. ಆಡಿ ಆಡಿ ಸುಸ್ತಾದ ಮೇಲೆ ಜನ ಎದ್ದು ಮನೆಗೆ ಹೋಗುತ್ತಿದ್ದರು. ಆದರೆ ಕುಮಟೆಯಿಂದ ತೆಂಕಲಿಗೆ, ಕಡಲಿಗೆ ಮೂಗು ಚಾಚಿದ ಗುಡ್ಡದ ಮೇಲಿದ್ದ ಕಡಲಗಣಿತ ಕೇಂದ್ರದಲ್ಲಿ ಆ ಪ್ರಶ್ನೆಯನ್ನು ಒಂದು ಯಂತ್ರಕ್ಕೇ ಕೇಳಿದರು. ಯಂತ್ರಕ್ಕೆ ಸುಸ್ತೆಂಬುದಿಲ್ಲ, ಎದ್ದು ಹೋಗಲು ಮನೆಯೂ ಇಲ್ಲ. ನಾಗವೇಣಿಯ ಗ್ರಹಚಾರ ಅಲ್ಲಿಂದ ಶುರುವಾಯಿತು. ನಿಜ ಹೇಳಬೇಕೆಂದರೆ ಅದು ಮೂರು ವರ್ಷದ ಹಿಂದೆಯೇ ವಕ್ಕರಿಸಿತ್ತು, ಅವಳಿಗೆ ಗೊತ್ತಾದದ್ದು ಈಗ.

ನಾಗವೇಣಿ ಅಂಬಿಗರ ಕೇರಿಯ ಹೆಣ್ಣು. ಹಟ ಹಿಡಿದು ಬಿ.ಎಸ್ಸಿ. ಓದಿ, ಇಪ್ಪತ್ತಾರು ವರ್ಷದಿಂದ ಈ ಕೇಂದ್ರದಲ್ಲಿ ಅಲೆಗಳ ಎತ್ತರ ನೋಡಿ ಬರೆಯುತ್ತಿದ್ದಳು. ದಂಡೆಯಿಂದ ಹದಿನೆಂಟು ಮೈಲಿ ಆಚೆ, ಲಂಗರು ಹಾಕಿ ತೇಲಿಬಿಟ್ಟ ಹಳದಿ ಬಣ್ಣದ ಕಬ್ಬಿಣದ ಗುಂಡೊಂದಿತ್ತು. ಅಲೆ ಬಂದಾಗ ಗುಂಡು ಏಳುತ್ತದೆ, ಅಲೆ ಇಳಿದಾಗ ಇಳಿಯುತ್ತದೆ. ಎಷ್ಟು ಎದ್ದೆ, ಎಷ್ಟು ಇಳಿದೆ ಎಂದು ಅದರ ಹೊಟ್ಟೆಯೊಳಗಿನ ಉಪಕರಣ ಕ್ಷಣಕ್ಷಣಕ್ಕೂ ಕೇಂದ್ರಕ್ಕೆ ತಿಳಿಸುತ್ತದೆ. ಕೇಂದ್ರದ ಕಾಗದಗಳಲ್ಲಿ ಅದಕ್ಕೆ ಬರೀ ಒಂದು ನಂಬರು. ಕೇರಿಯವರು ಕರೆಯುತ್ತಿದ್ದದ್ದು 'ಅರಿಶಿನ ಕೊಡ' ಎಂದು.

ಯುದ್ಧದ ಮೊದಲ ವಾರದಲ್ಲೇ ಎರಡೂ ಕಡೆಯವರು ಪರಸ್ಪರರ ಉಪಗ್ರಹಗಳನ್ನು ಕುರುಡು ಮಾಡಿಹಾಕಿದ್ದರು. ಅಲ್ಲಿಂದ ಮುಂದೆ ಈ ದಂಡೆಗೆ ಕಣ್ಣು ಅಂತಿದ್ದದ್ದು ಅರಿಶಿನ ಕೊಡ ಒಂದೇ. ಅದೇ ಹೊತ್ತಿಗೆ ಆಚೆ ದಂಡೆಯವರ ಅರ್ಧ ನೌಕಾಪಡೆ ಎಣ್ಣೆ ತುಂಬಿಸಿಕೊಳ್ಳಲು ಒಂದೇ ಬಂದರಿಗೆ ಬಂದು ನಿಂತಿತ್ತು. ನಮ್ಮವರು ಐವತ್ತೆರಡು ಆಳಿಲ್ಲದ ಪುಟ್ಟ ದೋಣಿಗಳಿಗೆ ಸಿಡಿಮದ್ದು ತುಂಬಿ, ನೂಲು ಹುಣ್ಣಿಮೆಯ ಸಂಜೆ ಅರಿಶಿನ ಕೊಡದ ಹತ್ತಿರ ನೀರಿಗೆ ಇಳಿಸುವುದೆಂದು ಗುಟ್ಟಾಗಿ ಗೊತ್ತು ಮಾಡಿದ್ದರು. ಬೆಳಗಾಗುವುದರೊಳಗೆ ಅವು ಆಚೆ ಬಂದರು ಹೊಗುತ್ತಿದ್ದವು. ಒಂದೇ ಷರತ್ತು ಎಂದರೆ ಅಲೆ ಎರಡು ಮೀಟರಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ದೋಣಿಗಳು ಇಳಿಸುವಾಗಲೇ ಮಗುಚುತ್ತವೆ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ನಾಗವೇಣಿ ಬರೆದು ಸಹಿ ಹಾಕಿದಳು: 'ಅಲೆ ಮೂರೂಮುಕ್ಕಾಲು ಮೀಟರು. ಕಡಲು ಯೋಗ್ಯವಲ್ಲ.'

ದಾಳಿ ನಿಂತಿತು. ಎರಡು ದಿನ ಕಳೆದು ಗುಟ್ಟು ಹೇಗೋ ಹೊರಬಿದ್ದು ಶತ್ರುವಿನ ಹಡಗುಗಳು ಬಂದರು ಬಿಟ್ಟು ಚದುರಿದವು. ಅಂಥ ಅವಕಾಶ ಮತ್ತೆ ಸಿಗಲಿಲ್ಲ. ಯುದ್ಧ ಹತ್ತೊಂಬತ್ತು ತಿಂಗಳು ಎಳೆಯಿತು, ಕೊನೆಗೆ ನಮ್ಮವರು ಕೈಯೆತ್ತಿದರು. ಹದಿನಾಲ್ಕನೆಯ ತಿಂಗಳಲ್ಲಿ 'ಗಂಗಾವಳಿ' ಎಂಬ ನೌಕೆ ಮುಳುಗಿತು. ನಾಗವೇಣಿಯ ಒಬ್ಬನೇ ಮಗ ಉದಯ ಅದರಲ್ಲಿ ಎಂಜಿನ್ ಕೋಣೆಯ ನಾವಿಕನಾಗಿದ್ದ. ಇಪ್ಪತ್ತೆರಡು ತುಂಬಿರಲಿಲ್ಲ. ದೇಹ ಸಿಗಲಿಲ್ಲ, ಅವನ ಟೋಪಿಯನ್ನು ಕಳಿಸಿದರು. ಅದೂ ಅವನದು ಹೌದೋ ಅಲ್ಲವೋ.

ಈಗ ವಿಚಾರಣಾ ಆಯೋಗ ಕೂತಿತ್ತು. ಸೋತವರಿಗೆ ಉಳಿಯುವ ಕೆಲಸ ಅದೊಂದೇ ತಾನೆ, ಯಾರ ತಪ್ಪು ಎಂದು ಹುಡುಕುವುದು!

ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಗಣಿತಜ್ಞ ಡಾಕ್ಟರ್ ಅಡಿವೆಪ್ಪ ಹೊಂಗಲ. ಐವತ್ತೈದರ ಆಸುಪಾಸು, ಬಾಯಲ್ಲಿ ಸದಾ ಲವಂಗ. ಕೇಂದ್ರದವರು ಯಂತ್ರಕ್ಕೆ 'ಮರುಯುದ್ಧ' ಎಂದು ಹೆಸರಿಟ್ಟಿದ್ದರು. ಯುದ್ಧದಲ್ಲಿ ನಡೆದ ಪ್ರತಿಯೊಂದು ಸಂಗತಿಯನ್ನೂ, ಯಾವ ಹಡಗು ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಯಾವ ಆಜ್ಞೆ ಎಷ್ಟು ತಡವಾಗಿ ತಲುಪಿತು ಎಂಬುದನ್ನೆಲ್ಲ, ಅದಕ್ಕೆ ಉಣಿಸಬೇಕು. ಮೊದಲು ಅದು ನಡೆದ ಯುದ್ಧವನ್ನು ನಡೆದ ಹಾಗೇ ಆಡಿಸಿ ತೋರಿಸುತ್ತದೆ. ಅದು ಸರಿಹೋದರೆ, ಒಂದೇ ಒಂದು ಸಂಗತಿಯನ್ನು ಬದಲಾಯಿಸಿ ಹತ್ತು ಸಾವಿರ ಸಲ ಹೊಸದಾಗಿ ಆಡಿಸುತ್ತದೆ.

ಮೊದಲ ಹೆಜ್ಜೆಯಲ್ಲೇ ಯಂತ್ರ ಮೊಂಡು ಹಿಡಿಯಿತು.

"ಬಾಯಾರ, ಸ್ವಲ್ಪ ಇಲ್ಲಿ ನೋಡ್ರಿ," ಹೊಂಗಲರು ಕರೆದರು. "ಎಲ್ಲಾ ಸಂಗತಿ ಹೊಂದಿಕೊಂಡು ಬಂತು. ಇದೊಂದು ಅಲಿ ಮಾತ್ರ ಹೊಂದವಲ್ದು. ಅವತ್ತಿನ ಗಾಳಿಗೆ ಹೆಚ್ಚಂದ್ರ ಒಂದೂವರಿ ಮೀಟರ್ ಅಲಿ ಏಳಬೇಕು ಅಂತೈತಿ ಇದು. ನಿಮ್ಮ ಗುಂಡು ನೋಡಿದ್ರ ಮೂರೂಮುಕ್ಕಾಲು ಅಂತೈತಿ. ಯಾರ ಮಾತು ನಂಬೂದ್ರಿ?"

ಪರದೆಯ ಮೇಲೆ ಆ ದಿನದ ಗೆರೆ ಏಳುತ್ತ ಬೀಳುತ್ತ ಹರಿಯುತ್ತಿತ್ತು. ನಾಗವೇಣಿ ಕನ್ನಡಕ ಏರಿಸಿಕೊಂಡು ಬಗ್ಗಿದಳು. 

ಕಡಲಿನ ಅಲೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಈ ಗೆರೆ ಜಗ್ಗಿ ಬಿಟ್ಟ ಹಾಗಿತ್ತು. ಸರ್ರನೆ ಕೆಳಗೆ, ಪಟ್ಟನೆ ಮೇಲೆ, ಮೇಲೆ ಹೋದಲ್ಲೊಂದು ಸಣ್ಣ ಪುಟಿತ. ಏಳು ಸೆಕೆಂಡಿಗೊಮ್ಮೆ ಅದೇ ಚಾಳಿ. ಯಾರೋ ಬೋಟನ್ನು ತಂದು ಗುಂಡಿಗೆ ಹಗ್ಗ ಹಾಕಿ ಕಟ್ಟಿದ್ದಾರೆ. ಬೋಟು ಹೊರಳಿದಾಗಲೆಲ್ಲ ಹಗ್ಗ ಬಿಗಿದು ಗುಂಡನ್ನು ನೀರೊಳಗೆ ಎಳೆಯುತ್ತಿದೆ, ಹಗ್ಗ ಸಡಿಲಿದಾಗ ಗುಂಡು ಪುಟಿಯುತ್ತಿದೆ. ಒಳಗಿನ ಉಪಕರಣ ಪಾಪ, ಅದನ್ನೇ ಅಲೆ ಎಂದು ತಿಳಿದು ವರದಿ ಒಪ್ಪಿಸುತ್ತಿದೆ.

ಇದು ಅವಳಿಗೆ ಹೊಸದಲ್ಲ. ಯುದ್ಧಕ್ಕೆ ಮುಂಚೆ ಕೇರಿಯವರು ಎಷ್ಟೋ ಸಲ ಕಟ್ಟಿ ಬೈಸಿಕೊಂಡಿದ್ದರು. ಯಾಕೆ ಕಟ್ಟಬಾರದೆಂದು ಮಾತ್ರ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ದಾಳಿಯ ದಿನವೂ ಗೆರೆ ಚೂಪಾಗಿದೆಯಲ್ಲ ಎಂದು ಒಂದು ಗಳಿಗೆ ಅನ್ನಿಸಿತ್ತು. ಕಿಟಕಿಯಿಂದ ನೋಡಿದರೆ ಕಡಲು ಶಾಂತವಾಗಿತ್ತು. ಒಳಕಡಲಲ್ಲಿ ಬೇರೆ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಯುದ್ಧದಲ್ಲಿ ಐದು ಮೈಲಿಯಾಚೆ ಹೋದ ಬೋಟಿಗೆ ಗುಂಡು ಹಾರಿಸುವ ಆಜ್ಞೆಯಿತ್ತು. ಜೀವದ ಆಸೆ ಬಿಟ್ಟು ಯಾರು ಅಲ್ಲಿಗೆ ಹೋಗುತ್ತಾರೆ?

"ನಾಳೆ ಹೇಳ್ತೆ ಸರ್," ಎಂದಳು. 

ಮನೆಯಲ್ಲಿ ಗಂಡ ಜಟ್ಟಪ್ಪ ಊಟಕ್ಕೆ ಕೂತಿದ್ದ. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. 'ಮಾಸ್ತಿಕೃಪಾ' ಎಂಬ ಬೋಟಿನ ಯಜಮಾನ ಅವನು. ಮಾತಿಗೆ ಕೂತರೆ ಕೇರಿಯೇ ನಗುವ ಹಾಗೆ ಮಾತಾಡುತ್ತಿದ್ದವ, ಮಗ ಹೋದ ಮೇಲೆ ಅವನ ಬಾಯಲ್ಲಿ ಉಳಿದದ್ದು ಒಂದೇ ವಿಷಯ.

"ಪೇಪರಿನಲ್ಲಿ ಬಂದದ್ಯಂತೆ ನೋಡು. ಯಾವನೋ ಸುಳ್ಳು ಅಲೆ ಬರೆದು ದಾಳಿ ನಿಲ್ಸಿದ್ದಂತೆ. ದೊಡ್ಡ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವ್ನಿಗೆ ಅಲೆ ಅಂದ್ರೆ ಎಂತ ಗೊತ್ತು? ಅವ್ನ ಕೈ ಸೇದಿಹೋಗ್ಲಿ. ಅವ್ನ ಮನೆ ಹಾಳಾಗ್ಲಿ!"

ಈ ಶಾಪ ನಾಗವೇಣಿಗೆ ದಿನದ ಊಟದಷ್ಟೇ ರೂಢಿಯಾಗಿತ್ತು. ಆ ವರದಿ ಬರೆದವಳು ತಾನು ಎಂದು ಅವಳು ಗಂಡನಿಗೆ ಹೇಳಿರಲಿಲ್ಲ. ಮೊದಮೊದಲು ಅದು ಸರಕಾರದ ಗುಟ್ಟಾಗಿತ್ತು. ಮಗ ಹೋದ ಮೇಲೆ ಬಾಯಿ ಬರಲಿಲ್ಲ. ಇವತ್ತು ಮಾತ್ರ ಒಳಗೆ ಒಂದು ಸಣ್ಣ ಆಸೆ ಚಿಗುರಿತ್ತು. ತಪ್ಪು ನನ್ನದಲ್ಲ, ಯಾರೋ ಕಟ್ಟಿದ ಬೋಟಿನದು ಎಂದು ಇವರಿಗೆ ಹೇಳಬಹುದಲ್ಲ? ಮೂರು ವರ್ಷದ ಭಾರ ಇಳಿಸಬಹುದಲ್ಲ? ಹೇಳಲು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಜಟ್ಟಪ್ಪ ಬಂಗಡೆಯ ಮುಳ್ಳು ಬಿಡಿಸುತ್ತ ಅಂದ:

"ಎಷ್ಟಾದ್ರೂ ಬಂಗಡೆ ಬಂಗಡೆಯೇ. ಅವತ್ತು ಉದಯ ಬಂದಾಗ ಉಂಡ ಇಸೋಣದ ರುಚಿ ಮತ್ತೆ ಸಿಗ್ಲಿಲ್ಲ ಮಾರಾಯ್ತಿ."

ದಾಳಿ ನಿಂತ ಮರುದಿನ ಹಡಗಿನವರಿಗೆಲ್ಲ ಒಂದು ದಿನ ರಜೆ ಸಿಕ್ಕಿತ್ತು. ಉದಯ ಮನೆಗೆ ಓಡಿಬಂದಿದ್ದ. ಯುದ್ಧಕಾಲದಲ್ಲಿ, ಬೋಟುಗಳೆಲ್ಲ ದಂಡೆಯ ಮೇಲೆ ಬಿದ್ದಿದ್ದಾಗ, ಜಟ್ಟಪ್ಪ ಎಲ್ಲಿಂದಲೋ ಮಾರುದ್ದದ ಇಸೋಣ ಮೀನು ತಂದು ಅಂಗಳದಲ್ಲಿ ಹಾಕಿದ್ದ. ಮಗ ಏಳು ಹುರಿದ ತುಂಡು ತಿಂದು ಬೆರಳು ನೆಕ್ಕಿದ್ದ. ಆಮೇಲೆ ಅವನು ಆ ಮನೆಯಲ್ಲಿ ಉಣ್ಣಲಿಲ್ಲ.

ನಾಗವೇಣಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಆ ಇಸೋಣ ಎಲ್ಲಿ ಸಿಕ್ಕಿತ್ತು ನಿಮಗೆ?"

"ಎಲ್ಲಿ ಅಂದ್ರೆ? ಅರಿಶಿನ ಕೊಡದ ಬುಡದಲ್ಲಿ. ಕೊಡದ ನೆರಳಿಗೆ ಮೀನು ಸೇರ್ತದೆ ಅಂತ ಮದುವೆಯಾದ ಹೊಸತರಲ್ಲಿ ನೀನೇ ಹೇಳಿದ್ದಲ್ವನೇ? ರಿಪೇರಿಗೆ ಹೋದಾಗ ಕಣ್ಣಾರೆ ಕಂಡೆ ಅಂದಿದ್ದೆ."

"ಯುದ್ಧದಲ್ಲಿ ಅಲ್ಲಿವರೆಗೆ ಎಂತಕ್ಕೆ ಹೋದ್ರಿ? ಗುಂಡು ಹೊಡೀತಿದ್ರು!"

"ನೂಲು ಹುಣ್ಣಿಮೆ ದಿನ ಕಡಲಿಗೆ ಕಾಯಿ ಬಿಡದೆ ಇರೂಕೆ ಆಗ್ತದೆಯಾ?" ಜಟ್ಟಪ್ಪ ತಲೆಯೆತ್ತಿದ. ಎಷ್ಟೋ ದಿನಗಳ ಮೇಲೆ ಅವನ ಮುಖ ಮೃದುವಾಗಿತ್ತು. "ಎಲ್ಲರೂ ದಂಡೆಯಲ್ಲೇ ಬಿಟ್ರು. ನನ್ಗೆ ಸಮಾಧಾನ ಆಗ್ಲಿಲ್ಲ. ಮಗ ಒಳಕಡಲಲ್ಲಿದ್ದಾನೆ, ಕಾಯಿ ದಂಡೆಯಲ್ಲಿ ಬಿಟ್ರೆ ಅವ್ನಿಗೆ ಮುಟ್ಟುದು ಹೆಂಗೆ? ಕಾವಲಿನವರೂ ಅವತ್ತು ಇರ್ಲಿಲ್ಲ. ಕೊಡಕ್ಕೆ ಬೋಟು ಕಟ್ಟಿ, ಕಾಯಿ ಬಿಟ್ಟು, ಉದಯನ ಹೆಸ್ರು ಹೇಳಿ ಕೈಮುಗಿದೆ. ಕಟ್ಟಿದ್ದೇ ಕಟ್ಟಿದ್ದು, ಮೂರು ಗಂಟೆವರೆಗೆ ಗಾಳ ಹಾಕ್ದೆ. ಕಡಲಮ್ಮ ಪ್ರಸಾದ ಕೊಟ್ಟಂಗೆ ಇಸೋಣ ಕೊಟ್ಲು. ಆದ್ರೆ ಮಗನ್ನ ಉಳಿಸಿಕೊಡ್ಲಿಲ್ಲ."

ನಾಗವೇಣಿ ಹಿತ್ತಲಿಗೆ ಹೋಗಿ ಬಾವಿಕಟ್ಟೆ ಹಿಡಿದು ನಿಂತಳು.  ಮಗ ಬದುಕಲಿ ಎಂದು ಬಿಟ್ಟ ಕಾಯಿ. ಕಾಯಿ ಬಿಡಲು ಕಟ್ಟಿದ ಹಗ್ಗ. ಕಟ್ಟಲು ಜಾಗ ತೋರಿಸಿಕೊಟ್ಟವಳು ತಾನು.

ಮರುದಿನ ಅವಳು ಹೊಂಗಲರ ಮುಂದೆ ಕೂತು ನೆಟ್ಟಗೆ ಹೇಳಿದಳು: "ತಪ್ಪು ನನ್ನದು ಸರ್. ಗುಂಡಿನ ಉಪಕರಣಕ್ಕೆ ವಾರಕ್ಕೊಮ್ಮೆ ತಿದ್ದುಪಡಿ ಅಂಕೆ ಕಳಿಸುವವಳು ನಾನೇ. ಆ ವಾರ ತಪ್ಪು ಅಂಕೆ ಹಾಕಿದ್ದೆ. ಕಡಲು ಶಾಂತವಾಗೇ ಇತ್ತು."

ಹೊಂಗಲರು ಪರದೆಯ ಗೆರೆಯನ್ನು ಇನ್ನೊಮ್ಮೆ ನೋಡಿದರು. ಗಣಿತ ಬಲ್ಲವರು, ಕಡಲು ಬಲ್ಲವರಲ್ಲ. ಬೋಟು ಕಟ್ಟಿದ ಗುಂಡಿನ ಗೆರೆ ಹೇಗಿರುತ್ತದೆ ಎಂದು ಅವರಿಗೆ ತಿಳಿಯುವಂತಿರಲಿಲ್ಲ.

"ಇದನ್ನ ಬರದು ಕೊಟ್ರ ನಿಮ್ಮ ನೌಕರಿ ಹೋಗ್ತದ್ರಿ ಬಾಯಾರ. ಪೇಪರ್‌ನಾಗ ಹೆಸರು ಬರ್ತದ. ಹಡಗಿನ್ಯಾಗ ಮಗನ್ನ ಕಳಕೊಂಡವರು ನೀವು. ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡಿದ್ದೆ ಸರ್."

ಹೊಂಗಲರು ಅಲೆಯನ್ನು ಒಂದೂವರೆ ಮೀಟರಿಗೆ ಇಳಿಸಿ, ದಾಳಿ ನಡೆಯಿತು ಎಂದು ಇಟ್ಟುಕೊಂಡು ಯಂತ್ರವನ್ನು ಬಿಟ್ಟರು. ಐದು ದಿನ ಅದು ಗುಯ್ಯೆನ್ನುತ್ತಿತ್ತು. ಆರನೆಯ ದಿನ ಉತ್ತರ ಬಂತು. ಹತ್ತು ಸಾವಿರದಲ್ಲಿ ಏಳು ಸಾವಿರದ ಆರುನೂರು ಸಲ ಐವತ್ತೆರಡು ದೋಣಿಗಳಲ್ಲಿ ಅರ್ಧಕ್ಕರ್ಧ ಬಂದರು ಹೊಕ್ಕಿದ್ದವು. ಹನ್ನೊಂದು ದಿನದೊಳಗೆ ಆಚೆಯವರು ಸಂಧಿಗೆ ಕೈಚಾಚಿದ್ದರು.

"ಹನ್ನೊಂದೇ ದಿನ," ಎಂದರು ಹೊಂಗಲರು. ಎದ್ದು ಹೋಗಿ ಲವಂಗ ಉಗುಳಿ ಬಂದರು. ಅವರ ತಂಗಿಯ ಗಂಡನೂ ಸತ್ತದ್ದು ಯುದ್ಧದ ಹತ್ತನೆಯ ತಿಂಗಳಲ್ಲಿ.

ಅವರು ಚಾ ಕುಡಿಯಲು ಎದ್ದು ಹೋದಾಗ ನಾಗವೇಣಿ ಯಂತ್ರದ ಮುಂದೆ ಕೂತಳು. ಬೇಡ, ಬೇಡ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಬೆರಳು ಕೇಳಲಿಲ್ಲ. 'ಗಂಗಾವಳಿ' ಎಂದು ಬರೆದು ಒತ್ತಿದಳು. ನೂರಕ್ಕೆ ತೊಂಬತ್ತಾರು ಸಲ ಗಂಗಾವಳಿ ಬಂದರಿಗೆ ವಾಪಸು ಬಂದಿತ್ತು.

ಒಂಬತ್ತು ಸಾವಿರದ ಆರುನೂರು ಕಡೆ ಉದಯ ಬದುಕಿದ್ದಾನೆ. ಅಲ್ಲೆಲ್ಲ ಅವನಿಗೆ ಇಪ್ಪತ್ಮೂರು ತುಂಬಿರಬೇಕು. ಎಲ್ಲೋ ಒಂದು ಕಡೆ ಮದುವೆಯ ಮಾತೂ ಆಗಿರಬಹುದು, ಹೆಣ್ಣು ಒಪ್ಪಲಿಲ್ಲವೆಂದು ಅವನು ಅಪ್ಪನ ಹತ್ತಿರ ಜಗಳ ತೆಗೆದಿರಬಹುದು. ಆ ಕಡೆಯ ಜಟ್ಟಪ್ಪನಿಗೆ ಇಸೋಣ ಸಿಗಲಿಲ್ಲ. ನಾಗವೇಣಿ ಪರದೆಯ ಮೇಲೆ ಕೈಯಿಟ್ಟು ಸದ್ದಿಲ್ಲದೆ ಅತ್ತಳು. ಹೊಂಗಲರು ಬರುವಷ್ಟರಲ್ಲಿ ಸೆರಗಿನಿಂದ ಗಾಜನ್ನು ಒರೆಸಿದ್ದಳು.

ಆಯೋಗದ ವರದಿ ಪೇಪರಿಗೆ ಬರುವ ಮುಂಚೆ ಮನೆಯಲ್ಲಿ ತಾನೇ ಹೇಳಬೇಕೆಂದು ಅವಳು ನಿಶ್ಚಯಿಸಿದಳು. ಭಾನುವಾರ ಬೆಳಿಗ್ಗೆ ಜಟ್ಟಪ್ಪ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಬೇಲಿಯಾಚೆ ದೇವಮ್ಮ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಆಚೆಯವರ ಸೆರೆಯಲ್ಲಿದ್ದ ಅವಳ ಮಗ ಪಾಂಡು ನೂಲು ಹುಣ್ಣಿಮೆಗೆ ಬರುವವನಿದ್ದ. ಮುನ್ನೂರು ಸೆರೆಯಾಳುಗಳನ್ನು ಹೊತ್ತ ಹಡಗು ಬರುತ್ತದೆಂದು ಒಪ್ಪಂದವಾಗಿತ್ತು.

"ಒಂದು ಮಾತು ಹೇಳೂದದೆ," ನಾಗವೇಣಿ ಮೆಟ್ಟಿಲ ಮೇಲೆ ಕೂತಳು. "ಆ ದಿನ ಅಲೆ ಅದೆ ಅಂತ ಬರೆದದ್ದು ನಾನು."

ಜಟ್ಟಪ್ಪ ನಕ್ಕ. "ನೀ ಎಂತ ಬರೀತೆ? ಅದು ದೊಡ್ಡ ಆಫೀಸಿನವ್ರ ಕೆಲ್ಸ."

"ಅವರು ನನ್ನ ಹತ್ರವೇ ಕೇಳುದು. ಸಹಿ ನಂದೇ."

ಬಲೆಯ ಸೂಜಿ ಅವನ ಕೈಯಿಂದ ಜಾರಿತು. ಸ್ವಲ್ಪ ಹೊತ್ತು ಅವನು ಅದನ್ನೇ ಹುಡುಕಿದ. ಕಣ್ಣೆದುರೇ ಬಿದ್ದಿತ್ತು, ಅವನಿಗೆ ಕಾಣಲಿಲ್ಲ.

"ಕಡಲು ಅವತ್ತು ಅಂಗೈಯಂಗೆ ಇತ್ತು," ಎಂದ. "ನಾ ಅಲ್ಲೇ ಇದ್ದೆ. ಕಣ್ಣಾರೆ ನೋಡಿದ್ದೆ. ನೀ ಹೆಂಗೆ ತಪ್ಪು ಬರೆದೆ?"

ಹೇಳಿಬಿಡಬಹುದಿತ್ತು. ಇದೊಂದು ಗಳಿಗೆ. ನೀವು ಕಟ್ಟಿದ ಹಗ್ಗ ಎಂದು ಎರಡು ಮಾತು ಸಾಕಿತ್ತು. ಹೇಳಿದರೆ ಈ ಮನುಷ್ಯ ಸಂಜೆಯೊಳಗೆ ಅದೇ ಹಗ್ಗವನ್ನು ಕೊರಳಿಗೆ ಹಾಕಿಕೊಳ್ಳುತ್ತಾನೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೆ?

"ಕಣ್ಣು ತಪ್ತು," ಎಂದಳು. "ನಾ ಸರಿಯಾಗಿ ನೋಡ್ಲಿಲ್ಲ."

"ಕಣ್ಣು ತಪ್ತು." ಜಟ್ಟಪ್ಪ ಅವಳ ಮಾತನ್ನೇ ತಿರುಗಿ ಹೇಳಿದ. "ದಿನಾ ನಿನ್ನ ಎದುರಿಗೇ ಕೂತು ಶಾಪ ಹಾಕ್ತಿದ್ದೆ. ನೀ ಅನ್ನ ಬಡಿಸ್ತಾ ಇದ್ದೆ. ಬಾಯಿ ಬಿಡ್ಲಿಲ್ಲ ನೀನು."

"ಹೆದ್ರಿಕೆ ಆಯ್ತು."

"ಶಾಪ ವಾಪಸು ತಕಣೂಕೆ ಬರೂದಿಲ್ಲ ನಾಗವೇಣಿ." ಹೆಸರು ಹಿಡಿದು ಅವನು ಅವಳನ್ನು ಕರೆದದ್ದು ಮದುವೆಯ ದಿನ ಬಿಟ್ಟರೆ ಅವತ್ತೇ. ಒಳಗೆ ಹೋಗಿ ಎರಡು ಅಂಗಿ, ಚಾಪೆ, ಮಗನ ಟೋಪಿ ತಗೊಂಡ. "ನಾ ಬೋಟಿನಲ್ಲೇ ಇರ್ತೆ. ಊಟ ಕಳಿಸೂದು ಬೇಡ."

ಬೇಲಿಯ ದಣಪೆ ದಾಟುವಾಗ ಅವನು ತಿರುಗಿ ನೋಡಲಿಲ್ಲ. ವಾರದೊಳಗೆ ಪೇಪರಿನಲ್ಲಿ ಹೆಸರು ಬಂತು. ದೇವಮ್ಮ ಬೇಲಿಯಾಚೆಯಿಂದ ಮಾತು ಬಿಟ್ಟಳು. ಮೀನು ಪೇಟೆಯಲ್ಲಿ ನಾಗವೇಣಿ ಬಂದರೆ ಹೆಂಗಸರು ಬುಟ್ಟಿ ಮುಚ್ಚಿಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಕೇಂದ್ರದಿಂದ ಆದೇಶವಾಯಿತು.

ಅವಳ ಕೊನೆಯ ದಿನ ನೂಲು ಹುಣ್ಣಿಮೆಯಂದೇ ಬಿತ್ತು.

ಬೆಳಿಗ್ಗೆಯಿಂದ ಕೇಂದ್ರದಲ್ಲಿ ಗಡಿಬಿಡಿ. ಸೆರೆಯಾಳುಗಳ ಹಡಗು ಬಂದು ಒಳಕಡಲಲ್ಲಿ ನಿಂತಿತ್ತು. ಒಪ್ಪಂದದ ಪ್ರಕಾರ ಅದು ದಂಡೆಗೆ ಬರುವಂತಿಲ್ಲ, ಮುನ್ನೂರು ಜನರನ್ನು ಅಲ್ಲೇ ಸಣ್ಣ ದೋಣಿಗಳಿಗೆ ಇಳಿಸಬೇಕು. ಅದೂ ಅರಿಶಿನ ಕೊಡದ ಲೆಕ್ಕದಲ್ಲಿ ಅಲೆ ಎರಡು ಮೀಟರಿಗಿಂತ ಕಡಿಮೆ ಇದ್ದರೆ ಮಾತ್ರ, ಕೇಂದ್ರದ ಸಹಿಯಿಲ್ಲದೆ ಯಾರನ್ನೂ ಇಳಿಸುವಂತಿಲ್ಲ. ಸೂರ್ಯ ಮುಳುಗುವುದರೊಳಗೆ ಇಳಿಸದಿದ್ದರೆ ಹಡಗು ಹಿಂದಕ್ಕೆ, ಮತ್ತೆ ಯಾವತ್ತು ಎಂಬುದು ಆಚೆಯವರ ಮರ್ಜಿ. ಕೆಳಗೆ ದಂಡೆಯಲ್ಲಿ ಜನ ನೆರೆದಿದ್ದರು. ದೇವಮ್ಮ ಮಗನಿಗೆ ಹೊಸ ಅಂಗಿ ಹಿಡಿದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ಹನ್ನೊಂದು ಗಂಟೆಗೆ ಪರದೆಯ ಮೇಲಿನ ಗೆರೆ ಜಗ್ಗಲು ಶುರುವಾಯಿತು.

ಸರ್ರನೆ ಕೆಳಗೆ, ಪಟ್ಟನೆ ಮೇಲೆ, ಅಲ್ಲೊಂದು ಸಣ್ಣ ಪುಟಿತ. ಏಳು ಸೆಕೆಂಡಿಗೊಮ್ಮೆ.

ನಾಗವೇಣಿ ಕುರ್ಚಿಯ ಕೈ ಹಿಡಿದುಕೊಂಡಳು. ಜಟ್ಟಪ್ಪ ಕಾಯಿ ಬಿಡಲು ಹೋಗಿದ್ದಾನೆ. ಮಗ ಈಗಲೂ ಒಳಕಡಲಲ್ಲೇ ಇದ್ದಾನಲ್ಲ. ಇಪ್ಪತ್ತಾರು ದಿನಗಳಿಂದ ಗಂಡನ ಮುಖ ನೋಡದಿದ್ದವಳು ಆ ಗೆರೆಯನ್ನೇ ನೋಡಿದಳು. ಬೋಟು ಹೊರಳುತ್ತಿದೆ. ಅವನು ಅದರ ತುದಿಯ ಅಣಿಯದಲ್ಲಿ ಕೂತಿರಬೇಕು. ಊಟ ಮಾಡಿದ್ದಾನೋ ಇಲ್ಲವೋ.

"ಬಾಯಾರ," ಹೊಂಗಲರು ಹಿಂದೆ ಬಂದು ನಿಂತರು. ಕೈಯಲ್ಲಿ ಹಡಗಿಗೆ ಮಾತಾಡುವ ಫೋನು. "ಕಡಲು ಏರಾಕ ಹತ್ತಿದಂಗ ಕಾಣತೈತಿ? ಮೂರರ ಮ್ಯಾಲೆ ತೋರಸಾಕತ್ತದ. ಕಿಟಕ್ಯಾಗ ನೋಡಿದ್ರ ಶಾಂತ ಐತೆಲ್ರಿ. ತಿದ್ದುಪಡಿ ಅಂಕಿ ಈ ಸಲ ನಾನ ಹಾಕೇನಿ, ತಪ್ಪಿಲ್ಲ."

ಅದು ಅಲೆಯಲ್ಲ, ಬೋಟು ಎಂದರೆ ಮುಗಿಯಿತು. ಮುನ್ನೂರು ಜನ ಸಂಜೆಗೆ ಮನೆ ಸೇರುತ್ತಾರೆ. ಆದರೆ ಹೊಂಗಲರು ಅರೆಗಳಿಗೆಯಲ್ಲಿ ಹಳೆಯ ಗೆರೆ ತೆಗೆದು ಇದರ ಪಕ್ಕ ಇಡುತ್ತಾರೆ. ಯಾರ ಬೋಟು ಎಂದು ಕಾವಲಿನವರು ಹೋಗುತ್ತಾರೆ. ಆ ದಿನವೂ ನೀನೇ ಕಟ್ಟಿದ್ದೆಯಾ ಎಂದು ಕೇಳುತ್ತಾರೆ. ಜಟ್ಟಪ್ಪನಿಗೆ ಸುಳ್ಳು ಬರುವುದಿಲ್ಲ. ಹೌದು, ಮಗನ ಹೆಸರಿನಲ್ಲಿ ಕಾಯಿ ಬಿಟ್ಟೆ ಎನ್ನುತ್ತಾನೆ. ಹೇಳುತ್ತ ಹೇಳುತ್ತಲೇ ಅವನಿಗೆ ಎಲ್ಲ ತಿಳಿಯುತ್ತದೆ.

"ಒಳಕಡಲಲ್ಲಿ ಬೇರೆ ಇರ್ತದೆ ಸರ್," ಎಂದಳು ನಾಗವೇಣಿ.

"ಹಂಗಾರ ಏನಂತ ಬರೀಲಿ?"

"ಕಡಲು ಯೋಗ್ಯವಲ್ಲ ಅಂತ ಬರೀರಿ. ನಾ ಸಹಿ ಹಾಕ್ತೆ."

ಹೊಂಗಲರು ಫೋನಿನಲ್ಲಿ ಮಾತಾಡಿದರು. ಆಚೆಯಿಂದ ಸಂಜೆವರೆಗೆ ನೋಡುತ್ತೇವೆ ಎಂಬ ಉತ್ತರ ಬಂತು. ಮೂರು ಗಂಟೆಗೆ ಗೆರೆ ತಣ್ಣಗಾಗಬಹುದು ಎಂದು ನಾಗವೇಣಿ ಕಾದಳು. ಈ ಸಲ ಜಟ್ಟಪ್ಪನಿಗೆ ಮನೆಗೆ ಹೋಗುವ ಅವಸರವಿರಲಿಲ್ಲ. ನಾಲ್ಕು ದಾಟಿತು, ಐದು ದಾಟಿತು, ಹಗ್ಗ ಜಗ್ಗುತ್ತಲೇ ಇತ್ತು. ಆರೂಮುಕ್ಕಾಲಿಗೆ ಹಡಗು ಲಂಗರು ಎತ್ತಿತು.

ದಂಡೆಯ ಜನ ಒಬ್ಬೊಬ್ಬರಾಗಿ ಕರಗಿದರು. ದೇವಮ್ಮ ಮಾತ್ರ ಅಂಗಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು, ಯಾರೋ ಬಂದು ತೋಳು ಹಿಡಿದು ಕರೆದುಕೊಂಡು ಹೋದರು. ನಾಗವೇಣಿ ಕೀಲಿಕೈ ಹೊಂಗಲರಿಗೆ ಒಪ್ಪಿಸಿ, ಊಟದ ಡಬ್ಬಿ ತಗೊಂಡು ಗುಡ್ಡ ಇಳಿದಳು. ನಾಳೆ ಪೇಪರಿನಲ್ಲಿ ಮತ್ತೆ ಅವಳ ಹೆಸರು ಬರುತ್ತದೆ, ಬೋಟಿನಲ್ಲಿ ಕೂತು ಜಟ್ಟಪ್ಪ ಅದನ್ನು ಓದುತ್ತಾನೆ.